ಮಗ್ಗದ ಸಪ್ಪಳ ತೆಗೀರಿ ಸರ

ನಮ್ಮ ಬಾಗಲಕೋಟಿ ಕಡೆ ಈಕ್ವಲೈಜರ್ ಅಂದ್ರ ಏನು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಟೇಪ್ ರೆಕಾರ್ಡರ್ ಕಾಲ ನೋಡಿದವರೆಲ್ಲ ಅದನ್ನು ಕಂಡಿದ್ದಾರೆ. ಟ್ರ್ಯಾಕ್ಟರಿನಲ್ಲಿ, ಟಂಟಂನಲ್ಲಿ, ಚಾದಂಗಡಿಯ ಹಲಗೆಯ ಮೇಲೆ ಕೂತಿರುತ್ತಿದ್ದ ಪೆಟ್ಟಿಗೆ. ಅದರ ಮುಖದ ಮೇಲೆ ಸಾಲಾಗಿ ಐದೋ ಹತ್ತೋ ಗುಂಡಿ, ಹಾಡಿಗೆ ತಕ್ಕಂತೆ ಕುಣಿಯುವ ಹಸಿರು ಕೆಂಪು ದೀಪ. ಯಾರ ಪೆಟ್ಟಿಗೆ ನೋಡಿದರೂ ಗುಂಡಿಗಳು ಒಂದೇ ನಮೂನಿ ಇರುತ್ತಿದ್ದವು. ಎರಡೂ ತುದಿಯವು ಮೇಲೆ, ನಡುವಿನವು ಕೆಳಗೆ, ಜೋಕಾಲಿ ಹಗ್ಗ ಜೋತುಬಿದ್ದ ಹಾಗೆ. ಎಡ ತುದಿಯಿಂದ ಧಮ್ ಧಮ್, ಬಲ ತುದಿಯಿಂದ ಚಿಸ್ ಚಿಸ್. ಹಾಡುವವರ ದನಿ ಎಲ್ಲಿ ಅಂತೀರಾ? ಅದು ಆ ಜೋತುಬಿದ್ದ ನಡುವಿನ ಗುಂಡಿಗಳಲ್ಲಿತ್ತು. ಅದನ್ನ ನಾವs ಕೈಯಾರೆ ಕೆಳಗಿಳಿಸಿದ್ದೆವು!

ಕೆಲವು ವರ್ಷದಿಂದ ನಾನು ಜನರ ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತಿದ್ದೇನೆ. ದಂಧೆ ಅಲ್ಲ, ಹುಚ್ಚು. ರವಿವಾರದ ಕೆಲಸ. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ ಬಾದಾಮಿ, ಹುನಗುಂದ, ಇಳಕಲ್ಲಿನಿಂದೆಲ್ಲ ಚೀಲದಲ್ಲಿ ಕ್ಯಾಸೆಟ್ಟು ಹಾಕಿಕೊಂಡು ಬರುತ್ತಾರೆ. ಮದುವೆ, ಭಜನೆ, ಶ್ರೀಕೃಷ್ಣ ಪಾರಿಜಾತ, ಮಠದ ಪ್ರವಚನ, ಬನಶಂಕರಿ ಜಾತ್ರೆಯ ನಾಟಕ, ತೀರಿಹೋದ ಅಜ್ಜನ ಮಾತು. ಎಲ್ಲರ ಬೇಡಿಕೆ ಮಾತ್ರ ಒಂದೇ: “ಸರ, ಸ್ವಲ್ಪ ಕ್ಲಿಯರ್ ಮಾಡಿಕೊಡ್ರಿ.”

ಈ ‘ಕ್ಲಿಯರ್’ ಅಂದರೇನು ಅನ್ನೋದರ ಬಗ್ಗೆ ಇಲ್ಲಿ ಸ್ವಲ್ಪ ಬರೆಯಬೇಕು.

ಈಕ್ವಲೈಜರ್ ಎಂಬ ಹೆಸರು ಬಂದದ್ದು ಟೆಲಿಫೋನಿನಿಂದ. ಮೈಲಿಗಟ್ಟಲೆ ತಂತಿಯಲ್ಲಿ ಮಾತು ಸಾಗುವಾಗ ಅದರೊಳಗಿನ ಸಣ್ಣ ಸ್ವರಗಳು, ಅಂದರೆ ಚುರುಕಾದ ಎತ್ತರದ ಭಾಗ, ಹೆಚ್ಚು ಸೊರಗುತ್ತಿದ್ದವು. ದಪ್ಪ ಭಾಗ ಅಷ್ಟು ಸೊರಗುತ್ತಿರಲಿಲ್ಲ. ಹೀಗೆ ಏರುಪೇರಾದದ್ದನ್ನು ಮತ್ತೆ ಸಮ ಮಾಡುವ ಸಾಧನಕ್ಕೆ ಎಂಜಿನಿಯರುಗಳು ಇಟ್ಟ ಹೆಸರು ಅದು. ಹೊಲ ಸಮ ಮಾಡಿದ ಹಾಗೆ, ದನಿ ಸಮ ಮಾಡೋದು. ಕಳೆದುಹೋದದ್ದನ್ನು ಇದ್ದಷ್ಟಕ್ಕೆ ತರುವುದು ಅದರ ಮೂಲ ಕೆಲಸ. ರಂಗು ಹಚ್ಚುವ ಕೆಲಸ ಆಮೇಲೆ ಬಂದದ್ದು.

ಹತ್ತು ಗುಂಡಿಯ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಅವುಗಳ ಕೆಳಗೆ 31, 62, 125, 250, 500, 1000, 2000, 4000, 8000, 16000 ಅಂತ ಬರೆದಿರುತ್ತದೆ. ಒಂದೊಂದೂ ಹಿಂದಿನದರ ಎರಡು ಪಟ್ಟು. ಸೆಕೆಂಡಿಗೆ ಎಷ್ಟು ಸಲ ಕಂಪನ ಅನ್ನುವ ಲೆಕ್ಕ ಅದು, ಹರ್ಟ್ಸ್ ಅಂತಾರೆ. ಮೊದಲಿನ ಎರಡರಲ್ಲಿ ನಗಾರಿ, ದೊಡ್ಡ ಡೊಳ್ಳಿನ ಗುದ್ದು, ಮೆರವಣಿಗೆಯ ಡಿಜೆ ಎದೆಗೆ ಒದೆಯುವುದು ಇವೆ. 125ರ ಸುತ್ತ ಗಂಡಸರ ದನಿಯ ಬುಡ, 250ರ ಸುತ್ತ ಹೆಂಗಸರ ದನಿಯ ಬುಡ. ಸಣ್ಣ ಕೋಣೆಯಲ್ಲಿ ಮಾತಾಡಿದಾಗ ಹಂಡೆಯೊಳಗೆ ಮಾತಾಡಿದಂತೆ ಕೇಳುತ್ತದಲ್ಲ, ಅದೂ ಈ ಜಾಗದಲ್ಲೇ ಕೂತಿರುತ್ತದೆ. 500 ಮತ್ತು 1000ದಲ್ಲಿ ಆ, ಓ, ಏ ಎಂಬ ಸ್ವರಗಳ ಮೈ. 2000ದಿಂದ 4000ದವರೆಗೆ ತ, ಕ, ಚ, ಟ. ಮಾತು ತಿಳಿಯುವುದು ಬಿಡುವುದು ಹೆಚ್ಚಾಗಿ ಇಲ್ಲೇ ತೀರ್ಮಾನ ಆಗುತ್ತದೆ. ಅಲ್ಲಿಂದ 8000ದವರೆಗೂ ಅದರಾಚೆಗೂ ‘ಸ’ಕಾರ, ತಾಳ, ಗೆಜ್ಜೆ, ಉಸಿರು. ಕೊನೆಯ 16000 ಅರವತ್ತು ದಾಟಿದ ಬಹುಪಾಲು ಜನರ ಕಿವಿಗೆ ಬೀಳುವುದೇ ಇಲ್ಲ. ಮನೆಯಲ್ಲಿ ಮಾಡಿಕೊಂಡ ಕ್ಯಾಸೆಟ್ಟಿನಲ್ಲೂ ಅಲ್ಲಿ ಹಾಡು ಇರುವುದಿಲ್ಲ, ಬರೀ ಸುಯ್ ಅನ್ನುವ ಟೇಪಿನ ಗಾಳಿ.

ಹಳೇ ಟೆಲಿಫೋನು 300ರಿಂದ 3400 ಹರ್ಟ್ಸ್‌ವರೆಗಿನ ತುಂಡನ್ನಷ್ಟೇ ಸಾಗಿಸುತ್ತಿತ್ತು. ಅಂದರೆ ಅವ್ವನ ದನಿಯ ಬುಡವೂ ಬರುತ್ತಿರಲಿಲ್ಲ, ತುದಿಯೂ ಬರುತ್ತಿರಲಿಲ್ಲ. ಆದರೂ “ಹಲೋ” ಅಂದ ಕೂಡಲೇ ಅವ್ವ ಅಂತ ಗೊತ್ತಾಗುತ್ತಿತ್ತು. ಬುಡದ ಸ್ವರ ಕಾಣೆಯಾದರೂ ಉಳಿದ ಸ್ವರಗಳಿಂದ ಕಿವಿ ಅದನ್ನು ತಾನೇ ಕಟ್ಟಿಕೊಳ್ಳುತ್ತದೆ. ಕಿವಿಯ ಈ ಕಸುಬನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಂದವರಿಗೆ ನಾನು ಮೊದಲು ಹೇಳುವುದು, ಈಕ್ವಲೈಜರಿಗಿಂತ ಮೊದಲು ಸ್ಕ್ರೂಡ್ರೈವರ್ ಅಂತ. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಕ್ಯಾಸೆಟ್ಟಿನಲ್ಲಿ ನಾಲ್ಕು ಮಿಲಿಮೀಟರಿಗಿಂತ ಸಣ್ಣ ಪಟ್ಟಿ ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡುತ್ತದೆ. ಅಷ್ಟು ಸಣ್ಣ ಪಟ್ಟಿಯ ಮೇಲೆ ಓದುವ ಹೆಡ್ಡು ಕೂದಲೆಳೆಯಷ್ಟು ಓರೆಯಾದರೂ ಎತ್ತರದ ಸ್ವರಗಳು ಮಾಯ. ‘ಸೀರಿ’ ಅಂದದ್ದು ‘ಈರಿ’ ಅಂತ ಕೇಳುತ್ತದೆ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಎಷ್ಟು ಓರೆ ಇತ್ತೋ, ಓದುವ ಯಂತ್ರದ ಹೆಡ್ಡನ್ನೂ ಅಷ್ಟೇ ಓರೆ ಮಾಡಬೇಕು. ಹೆಡ್ಡಿನ ಪಕ್ಕದಲ್ಲಿರುವ ಚಿಕ್ಕ ಸ್ಕ್ರೂ ತಿರುವುತ್ತ, ಹಾಡುವವರ ‘ಸ’ ಚೂಪಾಗಿ ಕೇಳುವ ಜಾಗ ಹುಡುಕಬೇಕು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ಡು ಒರೆಸಬೇಕು. ಎಷ್ಟೋ ಕ್ಯಾಸೆಟ್ಟುಗಳ ಮುಕ್ಕಾಲು ಕೆಲಸ ಇಲ್ಲಿಗೇ ಮುಗಿಯುತ್ತದೆ. ಇದನ್ನು ಬಿಟ್ಟು ನೇರವಾಗಿ ಬಲ ತುದಿಯ ಗುಂಡಿ ಏರಿಸಿದರೆ ಇಲ್ಲದ ‘ಸ’ ಬರುವುದಿಲ್ಲ. ಇದ್ದ ಗಾಳಿ ಮಾತ್ರ ದೊಡ್ಡದಾಗುತ್ತದೆ.

ಎರಡನೆಯದು, ಏರಿಸುವ ಮೊದಲು ಇಳಿಸಿ ನೋಡುವುದು. ದನಿ ಮಂದ ಕೇಳಿದರೆ ಎಲ್ಲರ ಕೈ ಬಲಗಡೆ ಗುಂಡಿ ಏರಿಸಲು ಹೋಗುತ್ತದೆ. 250, 300ರ ಸುತ್ತಲಿನದನ್ನು ಮೂರ್ನಾಲ್ಕು ಡೆಸಿಬಲ್ ಇಳಿಸಿದರೆ ಹಂಡೆಯೊಳಗಿನ ದನಿ ಹೊರಗೆ ಬರುತ್ತದೆ. ಏರಿಸುವ ಪ್ರಶ್ನೆಯೇ ಬರುವುದಿಲ್ಲ. ನಮ್ಮ ಹೊಲದ ಭಾಷೆಯಲ್ಲಿ ಹೇಳಬೇಕೆಂದರೆ ಈಕ್ವಲೈಜರ್ ಒಂದು ಎಡಿಕುಂಟಿ. ಜೋಳದ ಸಾಲಿನ ನಡುವೆ ಬೆಳೆದ ಕಳೆಯನ್ನು ಅದು ಸಲೀಸಾಗಿ ತೆಗೆಯುತ್ತದೆ. ನಮ್ಮ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ, ಅದರ ಮರಿಗಳಾದ 100, 150 ಇಂಥವು ಸಾಲಿನ ನಡುವಿನ ಕಳೆ. ಒಂದೇ ಜಾಗದಲ್ಲಿ ಕದಲದೆ ನಿಂತಿರುತ್ತವೆ, ಅಷ್ಟನ್ನೇ ಕಿತ್ತರಾಯಿತು. ಆದರೆ ಜೋಳದ ಬುಡಕ್ಕೇ ಅಂಟಿ ಬೆಳೆದ ಕಳೆಗೆ ಎಡಿಕುಂಟಿ ಹೊಡೆದರೆ ಏನಾಗುತ್ತದೆ ಅಂತ ರೈತರಿಗೆ ಹೇಳಬೇಕಿಲ್ಲ.

ಇದಕ್ಕೆ ನಮ್ಮ ಜಿಲ್ಲೆಯದೇ ಒಂದು ದನಿಯ ಉದಾಹರಣೆ ಇದೆ. ಅಮೀರ್‌ಬಾಯಿ ಕರ್ನಾಟಕಿ. ಬೀಳಗಿಯ ಹೆಣ್ಣುಮಗಳು. 1943ರ ‘ಕಿಸ್ಮತ್’ ಸಿನೆಮಾದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದ ದನಿ. ಆಕೆಯ ಕಾಲದ ಹಾಡುಗಳು ಬಂದದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳಲ್ಲಿ, ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ತಟ್ಟೆ ಕೊರೆಯುವಾಗ ಯಾವ ಸ್ವರ ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂಬುದಕ್ಕೆ ಆಗ ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಅಮೆರಿಕದ ರೆಕಾರ್ಡ್ ಉದ್ಯಮ ಒಂದು ಸಾಮಾನ್ಯ ಲೆಕ್ಕಕ್ಕೆ ಒಪ್ಪಿಕೊಂಡದ್ದು 1954ರಲ್ಲಿ. ಹಾಗಾಗಿ ಹಳೇ ತಟ್ಟೆಯನ್ನು ಈಗಿನ ಯಂತ್ರಕ್ಕೆ ಹಾಕಿದರೆ ದನಿ ತೆಳ್ಳಗೋ ದಪ್ಪಗೋ ಆಗುತ್ತದೆ. ಅಲ್ಲಿ ಈಕ್ವಲೈಜರ್ ಬೇಕೇ ಬೇಕು.

ಆದರೆ ಈಗ ಮೊಬೈಲಿನಲ್ಲಿ ಓಡಾಡುವ ಅವರ ಹಾಡುಗಳನ್ನು ಕೇಳಿ. ಕೆಲವರು ತಟ್ಟೆಯ ಚರಚರ ಪೂರ್ತಿ ಹೋಗಲಿ ಅಂತ ಮೇಲಿನ ಸ್ವರಗಳನ್ನೆಲ್ಲ ಕತ್ತರಿಸಿಬಿಟ್ಟಿದ್ದಾರೆ. ಚರಚರ ಹೋಗಿದೆ ನಿಜ. ಅದರ ಜೊತೆಗೆ ಹಾಡಿನ ನಡುವೆ ಎಳೆದುಕೊಂಡ ಉಸಿರು, ‘ಶ’ ‘ಸ’ಗಳ ಚೂಪು ಕೂಡ ಹೋಗಿವೆ. ಕೌದಿ ಹೊದ್ದುಕೊಂಡು ಹಾಡಿದ ಹಾಗೆ ಕೇಳುತ್ತದೆ. ಅದೇ ಹಾಡಿನ ಚರಚರ ಇರುವ ಇನ್ನೊಂದು ಪ್ರತಿ ಹುಡುಕಿ ಎರಡು ನಿಮಿಷ ಕೇಳಿದರೆ ಕಿವಿ ಚರಚರವನ್ನು ತಾನೇ ಬದಿಗಿಡುತ್ತದೆ. ಬಿಸಿಲಲ್ಲಿ ನಿಂತು ಮಾತಾಡುವಾಗ ಬಿಸಿಲು ಮರೆತಂತೆ. ಕೌದಿಯನ್ನು ಮಾತ್ರ ಯಾವ ಕಿವಿಯೂ ಸರಿಸಲಾರದು.

ಎಲ್ಲರಿಗೂ ಮುಂದಿನ ದನಿಯೇ ಬೇಕು ಅಂತೇನೂ ಇಲ್ಲ. ಒಬ್ಬರು ಹಿರಿಯರು ಬಂದಿದ್ದರು, ಈಗ ನವನಗರದಲ್ಲಿ ಇರುವವರು. ಅವರ ಹಳೇ ಬಾಗಲಕೋಟಿಯ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋಗಿದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆ ಆಣೆಕಟ್ಟಿನ ನೀರು ಊರಿನೊಳಗೆ ಬರುವ ಹೊತ್ತಿಗೆ ಒಂದು ತಲೆಮಾರೇ ದಾಟಿತ್ತು. ಅವರ ಕ್ಯಾಸೆಟ್ಟಿನಲ್ಲಿ ಇದ್ದದ್ದು ಮಗ ಸಣ್ಣವನಿದ್ದಾಗ ಮಗ್ಗಿ ಹೇಳಿದ್ದು. ನಾನು ಹುಡುಗನ ದನಿ ಚಲೋ ಮಾಡೋಣ ಅಂತ ಹೊರಟರೆ ಅವರು ತಡೆದರು.

“ಅಂವಾ ಇಲ್ಲೇ ಅದಾನ್ರಿ, ಬೆಂಗಳೂರಾಗ. ದಿನಾ ಫೋನ್ ಮಾಡ್ತಾನ. ಅವನ ಹಿಂದಿಂದ ಕೇಳಸ್ರಿ.”

ಹಿಂದಿನದು ಅಂದರೆ ಓಣಿ. ಎರಡು ಮೂರಲೆ ಆರು ಅನ್ನುವುದರ ಹಿಂದೆ ಯಾರೋ ಮಾರುತ್ತ ಹೋಗುವ ಕೂಗು, ಕೊಡ ಇಟ್ಟ ಸಪ್ಪಳ, ಟಾಂಗಾದ ಗೆಜ್ಜೆ. ಹುಡುಗನ ದನಿಯ ಜಾಗವನ್ನು ಇಳಿಸಿ ಉಳಿದದ್ದನ್ನು ಏರಿಸಿ ನೋಡಿದೆ. ಸ್ವಲ್ಪ ಬಂತು. ಆದರೆ ನಿಜವಾದ ಖಜಾನೆ ಸಿಕ್ಕಿದ್ದು ಬೇರೆ ಕಡೆ. ಆ ಕಾಲದ ಟೂ-ಇನ್-ಒನ್ ಪೆಟ್ಟಿಗೆಗಳಲ್ಲಿ ರೆಕಾರ್ಡ್ ಮಾಡುವಾಗ ದನಿಯ ಮಟ್ಟವನ್ನು ಪೆಟ್ಟಿಗೆಯೇ ನೋಡಿಕೊಳ್ಳುವ ಏರ್ಪಾಟು ಇರುತ್ತಿತ್ತು. ಜೋರು ಸಪ್ಪಳ ಬಂದರೆ ತಾನೇ ಮೈಕನ್ನು ತಗ್ಗಿಸುತ್ತದೆ, ಸುಮ್ಮನಾದರೆ ತಾನೇ ಏರಿಸುತ್ತದೆ. ಹಾಗಾಗಿ ಹುಡುಗ ಏಳು ಎಂಟಲೆ ಎಷ್ಟು ಅಂತ ಮರೆತು ನಿಂತಲ್ಲೆಲ್ಲ ಓಣಿ ತಾನಾಗಿಯೇ ದೊಡ್ಡದಾಗಿ ಎದ್ದು ಬಂದಿತ್ತು. ಮಗ್ಗಿ ಬಾರದ ಕಡೆ ಊರು! ಆ ತುಣುಕುಗಳನ್ನಷ್ಟೇ ಹೆಡ್‌ಫೋನಿನಲ್ಲಿ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ, ಕೂಗುವವ ಯಾವ ಸಂದಿಯಿಂದ ತಿರುಗಿ ಯಾವ ಸಂದಿಗೆ ಹೋದ ಅಂತ ಕೈಮಾಡಿ ತೋರಿಸಿದರು.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಇಳಕಲ್ಲಿನ ಒಂದು ಕ್ಯಾಸೆಟ್ಟಿನ ಬಗ್ಗೆ ಹೇಳೋದಕ್ಕೆ.

ತಂದವರು ಹುನಗುಂದದಲ್ಲಿ ನೌಕರಿ ಮಾಡುವವರು. ಮೂಲ ಇಳಕಲ್ಲಿನ ನೇಕಾರರ ಮನೆ. 1989ರಲ್ಲಿ, ಅವರು ಹೈಸ್ಕೂಲಿನಲ್ಲಿದ್ದಾಗ, ಮನೆಗೆ ಹೊಸದಾಗಿ ಟೂ-ಇನ್-ಒನ್ ಬಂದ ಹುರುಪಿನಲ್ಲಿ ಅವ್ವ ಹಾಡಿದ ಸೋಬಾನ ಪದಗಳನ್ನು ರೆಕಾರ್ಡ್ ಮಾಡಿದ್ದರು. ಅವ್ವ ತೀರಿ ಬಹಳ ವರ್ಷ ಆಗಿದೆ. ಅಪ್ಪನೂ ಇಲ್ಲ. ಬಾದಾಮಿಗೆ ಕೊಟ್ಟ ತಂಗಿಯ ಮಗಳ ಮದುವೆ ಗೊತ್ತಾಗಿತ್ತು. ಉಡಿ ತುಂಬುವಾಗ ಅಜ್ಜಿಯ ದನಿಯಲ್ಲೇ ಪದ ಹಾಕಬೇಕು ಅಂತ ಅವರ ಆಸೆ.

“ಪದ ಛಲೋ ಅದಾವ್ರಿ ಸರ. ಆದ್ರ ಹಿಂದ ಅಪ್ಪನ ಮಗ್ಗದ ಸಪ್ಪಳ ಭಾಳ ಐತಿ. ಅದನ್ನಷ್ಟು ತೆಗೀರಿ.”

ಕೇಳಿದೆ. ಒಂದೇ ಕೋಣೆ. ಪೆಟ್ಟಿಗೆಯನ್ನು ಗೋಡೆಯ ಮಾಡದಲ್ಲಿ ಇಟ್ಟಿರಬೇಕು. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದಾನೆ. ಅವ್ವ ರಾಟಿ ತಿರುವಿ ಕಂಡಿಕಿ ಸುತ್ತುತ್ತ ಹಾಡುತ್ತಿದ್ದಾಳೆ. ಲಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವ ಟಕ್, ಹಿಂದೆಯೇ ಹೊಕ್ಕಿನ ಎಳೆಯನ್ನು ಬಡಿದು ಕೂಡಿಸುವ ಧಡ್. ನಿಮಿಷಕ್ಕೆ ನಲವತ್ತೈದರ ಆಸುಪಾಸು ಅಂತ ಎಣಿಸಿದೆ. ಉಡಿ ತುಂಬುವ ಪದ ಆರು ನಿಮಿಷ. ಅಂದರೆ ಸುಮಾರು ಇನ್ನೂರೆಪ್ಪತ್ತು ಹೊಡೆತ.

ಮಗ್ಗದ ಹೊಡೆತ ಎಡಿಕುಂಟಿಗೆ ಸಿಗುವ ಕಳೆಯಲ್ಲ. ಕರೆಂಟಿನ ಗುಂಯ್ ಇದ್ದ ಹಾಗೆ ಅದು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಕಟ್ಟಿಗೆಗೆ ಕಟ್ಟಿಗೆ ಬಡಿದಾಗ ಕ್ಷಣಮಾತ್ರ ಎಡ ತುದಿಯಿಂದ ಬಲ ತುದಿಯವರೆಗೆ ಎಲ್ಲ ಗುಂಡಿಗಳ ಜಾಗದಲ್ಲೂ ಒಮ್ಮೆಲೇ ಎದ್ದು ಬೀಳುತ್ತದೆ. ಯಾವ ಗುಂಡಿ ಇಳಿಸುತ್ತೀರಿ? 4000ದ್ದು ಇಳಿಸಿದರೆ ಟಕ್ ಮೆತ್ತಗಾಗುತ್ತದೆ, ಅವ್ವನ ‘ತ’ ‘ಕ’ಗಳೂ ಮೆತ್ತಗಾಗುತ್ತವೆ. ತೀರಾ ಕೆಳಗಿನದನ್ನು ಮಾತ್ರ ಧೈರ್ಯವಾಗಿ ಕಡಿಯಬಹುದು. ಆಕೆಯ ದನಿಯ ಬುಡ 200ರಿಂದ ಮೇಲಿತ್ತು, ಹಾಗಾಗಿ 100ರ ಕೆಳಗಿನದೆಲ್ಲ ತೆಗೆದೆ. ಧಡ್ ಅನ್ನುವುದರ ಭಾರ ಇಳಿಯಿತು. 300ರ ಸುತ್ತ ಸ್ವಲ್ಪ ತಗ್ಗಿಸಿದೆ, 2500ರ ಸುತ್ತ ಮೂರು ಡೆಸಿಬಲ್ ಏರಿಸಿದೆ, 9000ದ ಮೇಲೆ ಮೆಲ್ಲಗೆ ಇಳಿಜಾರು ಮಾಡಿದೆ. ಪದ ಮುಂದೆ ಬಂತು, ಮಗ್ಗ ಒಂದು ಹೆಜ್ಜೆ ಹಿಂದೆ ಸರಿಯಿತು. ಈಕ್ವಲೈಜರಿನಿಂದ ಆಗುವುದು ಇಷ್ಟೇ.

ಉಳಿದದ್ದನ್ನು ಕುರಪಿ ಹಿಡಿದು ಕೂತಂತೆ ಕೈಯಿಂದಲೇ ಮಾಡಬೇಕು. ಒಂದೊಂದು ಹೊಡೆತದ ಮೇಲೆ ಹೋಗಿ ಅಷ್ಟೇ ಕ್ಷಣವನ್ನು ತಗ್ಗಿಸುವುದು. ಮೂರು ರವಿವಾರ ಹಿಡಿಯಿತು. ಆಗ ತಿಳಿದದ್ದು ಇನ್ನೊಂದು ಸಂಗತಿ. ಮೇಲೆ ಹೇಳಿದೆನಲ್ಲ, ಪೆಟ್ಟಿಗೆ ತಾನೇ ಮೈಕು ತಗ್ಗಿಸುತ್ತದೆ ಅಂತ. ಮಗ್ಗ ಹೊಡೆದಾಗೆಲ್ಲ ಅದು ತಗ್ಗಿದೆ, ಆಮೇಲೆ ಮೆಲ್ಲಗೆ ಏರಿದೆ. ಹೊಡೆತವನ್ನು ನಾನು ಪೂರ್ತಿ ಅಳಿಸಿದರೂ ಅವ್ವನ ದನಿ ಮಾತ್ರ ಆ ತಾಳಕ್ಕೇ ಕುಗ್ಗುತ್ತದೆ, ಏಳುತ್ತದೆ, ಮತ್ತೆ ಕುಗ್ಗುತ್ತದೆ. ಮಗ್ಗ ತೆಗೆದ ಮೇಲೂ ಮಗ್ಗ ಹೊಡೆಯುತ್ತಲೇ ಇರುತ್ತದೆ, ಸಪ್ಪಳ ಇಲ್ಲದೆ. ಕೇಳಿದರೆ ಆಕೆಗೇ ಉಬ್ಬಸ ಇದ್ದಂತೆ ಅನಿಸುತ್ತದೆ. ಹೊಡೆತವನ್ನು ಅರ್ಧ ಉಳಿಸಿದರೆ ಉಬ್ಬಸ ಅನಿಸುವುದಿಲ್ಲ, ಯಾಕೆ ಕುಗ್ಗಿತು ಅಂತ ಕಿವಿಗೆ ಕಾರಣ ಸಿಗುತ್ತದೆ. ಹಾಗಾಗಿ ಎರಡು ಪ್ರತಿ ಮಾಡಿದೆ. ಮಗ್ಗ ಅರ್ಧ ಇರುವುದು ಒಂದು, ಆದಷ್ಟು ತೆಗೆದದ್ದು ಒಂದು.

ಅಣ್ಣ ತಂಗಿ ಇಬ್ಬರೂ ಬಂದರು. ಇಬ್ಬರಿಗೂ ಜಗಳ ಹತ್ತಿತು. ಅಣ್ಣನಿಗೆ ಮಗ್ಗ ತೆಗೆದದ್ದೇ ಬೇಕು, ಯಾಕಂದರೆ ಮಾತು ಅದರಲ್ಲಿ ಹೆಚ್ಚು ತಿಳಿಯುತ್ತದೆ. ತಂಗಿ ಅದನ್ನು ಅರ್ಧ ನಿಮಿಷ ಕೇಳಿ ಹೆಡ್‌ಫೋನ್ ತೆಗೆದಿಟ್ಟರು.

“ಇದು ಯಾರ ಮನಿ ಅಣ್ಣಾ? ನಮ್ಮ ಮನ್ಯಾಗ ಹಿಂಗ ಸುಮ್ಮ ಇರ್ತಿತ್ತೇನು?”

“ಮದುವ್ಯಾಗ ಮಗ್ಗದ ಸಪ್ಪಳ ಯಾರಿಗಿ ಬೇಕವಾ? ಪದ ತಿಳೀಬೇಕೋ ಬ್ಯಾಡೋ?”

ನನಗೆ ಇಬ್ಬರ ಮಾತೂ ಸರಿ ಅನಿಸಿತು. ತಂಗಿ ಮನೆ ಕೇಳುತ್ತಿದ್ದಾರೆ. ಅಣ್ಣ ಪದ ಕೇಳುತ್ತಿದ್ದಾರೆ, ಮತ್ತು ಆ ಪದ ಈಗ ಅವರ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ತಂಗಿಗೂ ಮೊದಲ ನಾಲ್ಕು ಸಾಲು ಬಿಟ್ಟರೆ ಬಾರದು. ಕ್ಯಾಸೆಟ್ಟಿನಲ್ಲಿ ಏನು ತಿಳಿಯುತ್ತದೋ ಅಷ್ಟೇ ಇನ್ನು ಮುಂದೆ ಆ ಪದ.

ಹೀಗೆ ಮಾತಾಡುವಾಗಲೇ ಒಂದು ಸಾಲಿನ ಪ್ರಶ್ನೆ ಬಂತು. ಉಡಿಯೊಳಗೆ ಏನೇನು ತುಂಬಿದರು ಅಂತ ಒಂದೊಂದಾಗಿ ಹೇಳುವ ಪದ ಅದು. ಕೊನೆಗೆ ಬರುವ ವಸ್ತುವಿನ ಹೆಸರಿನ ಮೇಲೆ ಸರಿಯಾಗಿ ಮಗ್ಗ ಹೊಡೆದಿದೆ. ಆ ಸಾಲು ಎರಡು ಸಲ ಬರುತ್ತದೆ, ಎರಡೂ ಸಲ ಹೊಡೆದಿದೆ. ಅವ್ವ ಮಗ್ಗದ ತಾಳಕ್ಕೇ ಹಾಡುತ್ತಿದ್ದಳಲ್ಲ, ಒತ್ತು ಬೀಳುವ ಕಡೆಗೇ ಹೊಡೆತ. ಹೊಡೆತ ಮುಗಿದ ಮೇಲೆ ಕೇಳುವುದು ಕೊನೆಯ ‘ಇ’ ಒಂದೇ. ಇಷ್ಟರಿಂದ ಏನು ತಿಳಿಯುತ್ತದೆ? ನಮ್ಮ ಕಡೆ ಉಡಿಗೆ ಹಾಕುವುದೆಲ್ಲ ‘ಇ’ಯಲ್ಲೇ ಮುಗಿಯುತ್ತದೆ. ಅಕ್ಕಿ, ಅಡಿಕಿ, ಎಲಿ, ಕೊಬ್ಬರಿ, ಉತ್ತತ್ತಿ!

ಮಾತನ್ನು ಉಳಿದ ಸಪ್ಪಳದಿಂದ ಬೇರೆ ಮಾಡಿಕೊಡುವ ಹೊಸ ತಂತ್ರಾಂಶಗಳು ಬಂದಿವೆಯಲ್ಲ, ಅದನ್ನೂ ಹಚ್ಚಿ ನೋಡಿದೆ. ಅದು ಹೊಡೆತವನ್ನು ನುಣ್ಣಗೆ ಸವರಿ ಒಂದು ಚೆಂದದ ‘ಈ’ ಕೊಟ್ಟಿತು. ಮುಂಚಿನ ಅಕ್ಷರ ಇರಲೇ ಇಲ್ಲ ಅನ್ನುವ ಹಾಗೆ. ಅಣ್ಣ ‘ಉತ್ತತ್ತಿ’ ಅಂದರು. ತಂಗಿ ‘ಕೊಬ್ಬರಿ’ ಅಂದರು. ಉತ್ತತ್ತಿ ಅಂತ ತಿಳಿದು ಕೇಳಿದರೆ ನನಗೂ ಉತ್ತತ್ತಿ ಕೇಳಿತು, ಕೊಬ್ಬರಿ ಅಂತ ತಿಳಿದು ಕೇಳಿದರೆ ಕೊಬ್ಬರಿ.

ಇದು ಭ್ರಮೆ ಅಂತ ನಗಬೇಡಿ. ಅಮೆರಿಕದ ರಿಚರ್ಡ್ ವಾರನ್ ಎಂಬ ವಿಜ್ಞಾನಿ 1970ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ಒಂದು ವಾಕ್ಯದ ಒಂದು ಶಬ್ದದಿಂದ ಒಂದು ಧ್ವನಿಯನ್ನು ಪೂರ್ತಿ ಕತ್ತರಿಸಿ ತೆಗೆದು, ಆ ಜಾಗದಲ್ಲಿ ಕೆಮ್ಮಿನ ಸದ್ದು ಕೂರಿಸಿದರು. ಕೇಳಿದವರಿಗೆ ಶಬ್ದ ಪೂರ್ತಿಯಾಗಿಯೇ ಕೇಳಿತು, ಕೆಮ್ಮು ಎಲ್ಲಿ ಬಂತು ಅಂತ ಸರಿಯಾಗಿ ತೋರಿಸಲೂ ಆಗಲಿಲ್ಲ. ಅದೇ ಜಾಗದಲ್ಲಿ ಕೆಮ್ಮಿನ ಬದಲು ಬರೀ ಮೌನ ಇಟ್ಟರೆ ಮಾತ್ರ ತುಂಡಾದದ್ದು ಗೊತ್ತಾಗುತ್ತಿತ್ತು. ಅಂದರೆ ಸಪ್ಪಳದ ಹಿಂದೆ ಮಾತು ಇದೆ ಅಂತ ಕಿವಿ ನಂಬುತ್ತದೆ. ಖಾಲಿ ಜಾಗದಲ್ಲಿ ನಂಬುವುದಿಲ್ಲ. ಮಗ್ಗದ ಹೊಡೆತ ಅಳಿಸಿದ ಪ್ರತಿಯಲ್ಲಿ ಆ ಸಾಲು ಕುಂಟುವುದಕ್ಕೂ, ಮಗ್ಗ ಇದ್ದ ಪ್ರತಿಯಲ್ಲಿ ಕುಂಟದೇ ಇರುವುದಕ್ಕೂ ಇದೇ ಕಾರಣ.

ಕೊನೆಗೆ ತಂಗಿಗೇ ನೆನಪಾಯಿತು. ಇಳಕಲ್ಲಿನಲ್ಲಿ ಅವರ ಮನೆಯ ಪಕ್ಕದಲ್ಲಿದ್ದ ಚಿಗವ್ವ ಇನ್ನೂ ಇದ್ದಾಳೆ. ವಯಸ್ಸು ಎಂಬತ್ತರ ಮೇಲೆ. ಮದುವೆ ಆಮಂತ್ರಣ ಕೊಡಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು. ಆ ಓಣಿಯಲ್ಲಿ ಈಗ ಕೈಮಗ್ಗದ ಸಪ್ಪಳ ಹುಡುಕಿದರೆ ಒಂದು ಎರಡು. ಚಿಗವ್ವನಿಗೆ ಕಿವಿ ಮಂದ. ಮೊಬೈಲಿನಲ್ಲಿ ಹಾಕಿದರೆ ಏನೂ ತಿಳಿಯಲಿಲ್ಲ. ಹೆಡ್‌ಫೋನ್ ಹಾಕಿ ಮಗ್ಗ ತೆಗೆದ ಪ್ರತಿ ಹಚ್ಚಿದೆ. “ಯಾರಕಿ ಈಕಿ?” ಅಂದಳು. ಮಗ್ಗ ಇರುವ ಪ್ರತಿ ಹಚ್ಚಿದೆ. ಲಾಳಿಯ ಸಪ್ಪಳಕ್ಕೆ ತಲೆ ಆಡಿಸಲು ಶುರುಮಾಡಿ, ಎರಡನೇ ಸಾಲಿಗೆ ತಾನೂ ಜೊತೆಗೆ ಹಾಡತೊಡಗಿದಳು. ನಾವು ಮೂವರೂ ಉಸಿರು ಬಿಗಿಹಿಡಿದು ಆ ಸಾಲಿಗೆ ಕಾದೆವು. ಮಗ್ಗ ಹೊಡೆಯಿತು. ಚಿಗವ್ವ ನಿಲ್ಲದೆ ಹಾಡಿಕೊಂಡು ಹೋದಳು.

“ಸೀರಿ.”

ಅಣ್ಣ ಕೇಳಿದರು, “ಚಿಗವ್ವಾ, ಉಡಿಯೊಳಗ ಸೀರಿ ಹೆಂಗ ಬರ್ತೈತಿ?”

“ನೇಕಾರ ಮನಿ ಪದಾನೋ ತಮ್ಮಾ. ಬ್ಯಾರೇದವ್ರು ಕೊಬ್ಬರಿ ಅಂತಾರ. ನಾವು ಸೀರಿ ಅಂತಿದ್ವಿ. ನಿಮ್ಮಪ್ಪ ಅಲ್ಲೇ ಕುಂತು ನೇಯತಿದ್ನಲ್ಲ, ಮತ್ತೇನಂದಾಳು?”

ವಾಪಸ್ ಬಂದು ಆ ಜಾಗವನ್ನು ಎಷ್ಟು ಸಲ ಕೇಳಿದೆನೋ. ‘ಸ’ ಇರುವುದು 5000ದ ಮೇಲೆ, ಹಳೇ ಟೇಪು ಸೊರಗುವುದೂ ಅಲ್ಲೇ, ಲಾಳಿಯ ಟಕ್ ಚೂಪಾಗಿ ಎದ್ದದ್ದೂ ಅಲ್ಲೇ. ಹಾಗಾಗಿ ಮುಚ್ಚಿಹೋಗುವುದಕ್ಕೆ ಅದಕ್ಕಿಂತ ಸುಲಭದ ಅಕ್ಷರ ಇನ್ನೊಂದಿಲ್ಲ. ಕೊಬ್ಬರಿ, ಉತ್ತತ್ತಿ ಆಗಿದ್ದರೆ ನಡುವಿನ ಒತ್ತಕ್ಷರ ಸ್ವಲ್ಪವಾದರೂ ಉಳಿಯಬೇಕಿತ್ತು. ಈಗ ನನಗೂ ‘ಸೀರಿ’ ಎಂದೇ ಕೇಳುತ್ತದೆ. ಅದು ಟೇಪಿನಲ್ಲಿ ಇದೆಯೋ, ಚಿಗವ್ವ ಹೇಳಿದ ಮೇಲೆ ನನ್ನ ಕಿವಿಯಲ್ಲಿ ಇದೆಯೋ, ಯಾವ ಗುಂಡಿ ತಿರುವಿದರೂ ಬೇರೆ ಮಾಡಿ ತೋರಿಸಲು ಆಗುವುದಿಲ್ಲ.

ಮದುವೆ ಬಾದಾಮಿಯಲ್ಲಿ ಆಯಿತು. ಕ್ಯಾಸೆಟ್ಟಿನ ಪದವನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕುವುದು ಬೇಡ ಅಂತ ನಾನೇ ಹೇಳಿದ್ದೆ. ಅಲ್ಲಿಯ ಡಿಜೆ ಹುಡುಗ ತನ್ನ ಈಕ್ವಲೈಜರಿನಲ್ಲಿ ಮತ್ತೆ ಎರಡೂ ತುದಿ ಏರಿಸಿರುತ್ತಾನೆ, ಉಪ್ಪು ಹಾಕಿದ ಸಾರಿಗೆ ಇನ್ನೊಬ್ಬರು ಉಪ್ಪು ಹಾಕಿದಂತೆ. ಸಣ್ಣದೊಂದು ಸ್ಪೀಕರಿನಲ್ಲಿ ಮಗ್ಗ ಇರುವ ಪ್ರತಿ ಹಾಕಿದರು. ಮಗ್ಗ ತೆಗೆದ ಪ್ರತಿಯನ್ನು ಕೇಳಿ ಕೇಳಿ ಪದ ಬರೆದುಕೊಂಡಿದ್ದ ಇಬ್ಬರು ಹುಡುಗಿಯರು ಚೀಟಿ ಹಿಡಿದು ಜೊತೆಗೆ ಹಾಡಿದರು. ಅಣ್ಣ ತಂಗಿ ಇಬ್ಬರ ಪ್ರತಿಯೂ ಕೆಲಸಕ್ಕೆ ಬಂದವು.

ಅವರಿಗೆ ನಾನು ಕೊಟ್ಟದ್ದು ಮೂರು ಫೈಲು. ಮೊದಲನೆಯದು ಕ್ಯಾಸೆಟ್ಟಿನಿಂದ ಇಳಿದ ಹಾಗೇ, ಗುಂಡಿ ಮುಟ್ಟದ್ದು. ಅದರ ಹೆಸರು ‘ಮೂಲ’. ಎರಡನೆಯದು ‘ಮನಿ’, ಮೂರನೆಯದು ‘ಮಾತು’. ಜೊತೆಗೆ ಒಂದು ಚೀಟಿ: “ಈ ಸಾಲಿನ ‘ಸೀರಿ’ ಟೇಪಿನಲ್ಲಿ ಸ್ಪಷ್ಟ ಇಲ್ಲ, ಪಕ್ಕದ ಮನೆಯ ಚಿಗವ್ವ ಹೇಳಿದ್ದು.” ಮುಂದೆ ಯಾರಾದರೂ ಇದಕ್ಕಿಂತ ಚಲೋ ಯಂತ್ರ ತಂದರೆ ಮೂಲದಿಂದ ಶುರುಮಾಡಲಿ. ಚೀಟಿ ಓದಿ ಅನುಮಾನ ಪಡುವ ಹಕ್ಕೂ ಅವರಿಗೆ ಇರಲಿ.

ಹಾಗಾಗಿ ಹಳೇ ಕ್ಯಾಸೆಟ್ಟು ಇಟ್ಟುಕೊಂಡವರಿಗೆ ನಾಲ್ಕು ಮಾತು. ನಮ್ಮ ಬ್ಯಾಸಗಿಯ ಬಿಸಿಲಿಗೆ ಪತ್ರಾಸಿನ ಮನೆಯ ಅಟ್ಟದಲ್ಲಿ ಅವನ್ನು ಇಡಬೇಡಿ. ಬಿಸಿಗೆ ಒಂದು ಸುತ್ತಿನ ಹಾಡು ಪಕ್ಕದ ಸುತ್ತಿಗೆ ಅಚ್ಚಾಗುತ್ತದೆ, ಹಾಡು ಶುರುವಾಗುವ ಮೊದಲೇ ಅದರ ನೆರಳು ಕೇಳುತ್ತದೆ. ಮೊದಲು ಏನನ್ನೂ ತಿದ್ದದೆ ಒಂದು ಪ್ರತಿ ಮಾಡಿಸಿ. ‘ಕ್ಲಿಯರ್’ ಮಾಡಿರಿ ಅನ್ನುವ ಮುಂಚೆ ಏನು ಕೇಳಬೇಕಾಗಿದೆ ಅಂತ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ. ಮತ್ತೆ ನನ್ನ ಹತ್ತಿರ ಬರುವುದಾದರೆ ಕ್ಯಾಸೆಟ್ಟೊಂದನ್ನೇ ತರಬೇಡಿ. ಅದರಲ್ಲಿ ಹಾಡಿದವರ ಓರಗೆಯವರು ಓಣಿಯಲ್ಲಿ ಯಾರಾದರೂ ಇದ್ದರೆ ಅವರನ್ನೂ ಕರಕೊಂಡು ಬರ್ರಿ. ಬರೋದು ಆಗದಿದ್ದರೆ ಹೇಳ್ರಿ, ಹೆಡ್‌ಫೋನ್ ತಗೊಂಡು ನಾನೇ ಬರ್ತೀನಿ.